ಸ್ಯಾಂಪಲ್ ನೋಡಿ ಹಾಕಿದ ಒಟ್ಟು ಲೆಕ್ಕ ತಪ್ಪಿದೆಯಾ? ಅಡಿಕೆ ತೋಟದ ಉದಾಹರಣೆಯಲ್ಲಿ ದೋಷ ಹುಡುಕುವ ಬಗೆ

ದೋಷದ ಲಕ್ಷಣ

ತೋಟದಲ್ಲಿ 120 ಅಡಿಕೆ ಮರ ನೋಡಿದಿರಿ. 18 ಮರಕ್ಕೆ ಎಲೆಚುಕ್ಕಿ ರೋಗ ತಗುಲಿತ್ತು. ಅಂದರೆ ಶೇ 15. ಇಡೀ ತೋಟದಲ್ಲಿ 2,150 ಮರ ಎಂದು ಹಿಡಿದು ಗುಣಿಸಿದಿರಿ. ಸುಮಾರು 322 ಮರಕ್ಕೆ ರೋಗ ಎಂದು ಬಂತು. ಆಳು, ದೋಟಿ, ಔಷಧಿ ಎಲ್ಲವನ್ನೂ ಅದೇ ಅಂದಾಜಿನಲ್ಲಿ ಹೊಂದಿಸಿದಿರಿ. ರೋಗದ ಸೋಗೆ ಕಡಿಯಲು ಹೋದವರು ಬಂದು, "ಐನೂರರ ಹತ್ತಿರ ಮರ ಆಯ್ತು, ಔಷಧಿ ಖಾಲಿ" ಎಂದರು.

ಗುಣಾಕಾರ ಸರಿಯಾಗಿಯೇ ಇದೆ. ಹಾಗಾದರೆ ಎಡವಿದ್ದು ಎಲ್ಲಿ?

ಈ ಬರಹದಲ್ಲಿ ಇದೇ ತೋಟವನ್ನು ಇಟ್ಟುಕೊಂಡು ಒಂದೊಂದೇ ಜಾಗ ತಪಾಸಣೆ ಮಾಡೋಣ. ತೋಟದ ಸಂಖ್ಯೆಗಳು ಲೆಕ್ಕ ತೋರಿಸಲು ಹಾಕಿಕೊಂಡ ಉದಾಹರಣೆ. ಆದರೆ ದೋಷಗಳು ಮಾತ್ರ ನಿಜವಾದವು. ಅಡಿಕೆ ಬದಲು ಊರಿನ ಮನೆಗಳಿರಲಿ, ಗೋದಾಮಿನ ಚೀಲಗಳಿರಲಿ, ಶಾಲೆಯ ಮಕ್ಕಳಿರಲಿ, ಹುಡುಕುವ ದಾರಿ ಇದೇ.

ಒಟ್ಟು ಲೆಕ್ಕ ತಪ್ಪಿದ ಕೂಡಲೇ ಬಹುತೇಕ ಎಲ್ಲರೂ ಹೇಳುವ ಮಾತು ಒಂದೇ: "ಸ್ಯಾಂಪಲ್ ಸಣ್ಣದಾಯಿತು, ಇನ್ನೂ ಜಾಸ್ತಿ ಮರ ನೋಡಬೇಕಿತ್ತು." ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಸ್ಯಾಂಪಲ್ ದೊಡ್ಡದು ಮಾಡಿದರೆ ಒಂದೇ ಒಂದು ಬಗೆಯ ದೋಷ ಕಡಿಮೆಯಾಗುತ್ತದೆ. ಮಿಕ್ಕ ದೋಷಗಳು ಹಾಗೇ ಉಳಿಯುತ್ತವೆ. ಇಷ್ಟು ಮರ ನೋಡಿದ್ದೇವಲ್ಲ ಎಂಬ ಧೈರ್ಯ ಬೇರೆ ಬರುವುದರಿಂದ ಅವು ಕಣ್ಣಿಗೆ ಬೀಳುವುದೂ ಕಷ್ಟವಾಗುತ್ತದೆ. ಹಾಗಾಗಿ ಗಾತ್ರದ ಪ್ರಶ್ನೆಯನ್ನು ಕೊನೆಗೆ ಇಟ್ಟಿದ್ದೇನೆ.

ಮೊದಲು ಗುಣಿಸಿದ ಸಂಖ್ಯೆಯನ್ನೇ ಅನುಮಾನಿಸಿ

2,150 ಎಲ್ಲಿಂದ ಬಂತು? ಪಹಣಿಯಲ್ಲಿ 4 ಎಕರೆ ಇದೆ. ಅಡಿಕೆಗೆ 9 ಅಡಿ ಅಂತರ. ಒಂದು ಮರಕ್ಕೆ 81 ಚದರ ಅಡಿ. ಎಕರೆಗೆ 43,560 ಚದರ ಅಡಿ. ಭಾಗಿಸಿದರೆ ಎಕರೆಗೆ ಸುಮಾರು 538 ಮರ, ನಾಲ್ಕು ಎಕರೆಗೆ ಸುಮಾರು 2,150. ಕಾಗದದ ಮೇಲೆ ಏನೂ ತಪ್ಪಿಲ್ಲ.

ತೋಟಕ್ಕೆ ಇಳಿದು ನೋಡಿ. ಆ ನಾಲ್ಕು ಎಕರೆಯಲ್ಲಿ ಹಳ್ಳದ ಅಂಚು ಇದೆ, ಖರಾಬು ಇದೆ, ಅಡಿಕೆ ಒಣಗಿಸುವ ಅಂಗಳ ಇದೆ, ಬಸಿಗಾಲುವೆಗಳಿವೆ. ಗಾಳಿಗೆ ಬಿದ್ದ ಮರದ ಜಾಗ ಖಾಲಿ ಇದೆ. ಅಜ್ಜನ ಕಾಲದ ಭಾಗದಲ್ಲಿ ಅಂತರ 9 ಅಡಿಯೇ ಅಲ್ಲ. ಎಣಿಸಿದರೆ ಫಸಲು ಕೊಡುವ ಮರ 1,640 ಸಿಕ್ಕಿತು ಎಂದುಕೊಳ್ಳಿ. ಆಗ ಶೇ 15 ಎಂದರೆ 246 ಮರ.

ಇಲ್ಲಿ ಗಮನಿಸಿ. ಒಂದು ತಪ್ಪನ್ನು ಸರಿಪಡಿಸಿದೆವು, ಅಂದಾಜು 322ರಿಂದ 246ಕ್ಕೆ ಇಳಿಯಿತು, 500ರಿಂದ ಇನ್ನೂ ದೂರ ಹೋಯಿತು. ಹೀಗಾದರೆ ಗಾಬರಿ ಬೇಡ. ತಿದ್ದಿದ್ದನ್ನು ಹಿಂದಕ್ಕೂ ತಗೊಳ್ಳಬೇಡಿ. ಎರಡು ತಪ್ಪುಗಳು ಎದುರುಬದುರು ಎಳೆಯುತ್ತಾ ಒಂದನ್ನೊಂದು ಮುಚ್ಚಿಕೊಂಡಿದ್ದವು ಎಂದು ಅರ್ಥ. ಇನ್ನೊಂದು ದೋಷ ಎಲ್ಲೋ ಇದೆ, ಅದು ಈಗ ಬಿಚ್ಚಿಕೊಂಡಿದೆ.

ಇದೇ ಜಾಗದಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಸ್ಯಾಂಪಲ್‌ನಲ್ಲಿ ನೋಡಿದ್ದು ದೊಡ್ಡ ಮರ ಮಾತ್ರ, ಗುಣಿಸಿದ್ದು ನಡುವೆ ಹಾಕಿದ ಎಳೆ ಗಿಡವೂ ಸೇರಿದ ಸಂಖ್ಯೆಯಿಂದ. ಯಾವುದನ್ನು ನೋಡಿದಿರೋ ಅದರ ಒಟ್ಟಿನಿಂದಲೇ ಗುಣಿಸಬೇಕು. ಎಳೆ ಗಿಡದ ಲೆಕ್ಕವೂ ಬೇಕಾದರೆ ಅವುಗಳಿಗೆ ಬೇರೆ ಸ್ಯಾಂಪಲ್, ಬೇರೆ ಶೇಕಡಾ.

ಒಟ್ಟು ಎಣಿಕೆಯೇ ಸಾಧ್ಯವಿಲ್ಲದಿದ್ದರೆ, ಒಟ್ಟು ಗೊತ್ತಿರುವ ಬೇರೆ ಏನಾದರೂ ಹಿಡಿದುಕೊಳ್ಳಬಹುದು. 1802ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಮಾಡಿದ್ದು ಇದನ್ನೇ. ಇಡೀ ದೇಶದ ಜನರನ್ನು ಎಣಿಸುವ ಬದಲು, ಆಯ್ದ ಊರುಗಳಲ್ಲಿ 20,37,615 ಜನರನ್ನು ಎಣಿಸಿ, ಅಲ್ಲಿನ ಮೂರು ವರ್ಷದ ಜನನ ದಾಖಲೆ ತೆಗೆಸಿದರು. ವರ್ಷಕ್ಕೆ ಒಂದು ಜನನ ಇದ್ದರೆ ಸುಮಾರು 28.35 ಜನ ಇರುತ್ತಾರೆ ಎಂದು ಸಿಕ್ಕಿತು. ದೇಶದಲ್ಲಿ ವರ್ಷಕ್ಕೆ 10 ಲಕ್ಷ ಜನನ ಎಂದು ಹಿಡಿದರೆ ಜನಸಂಖ್ಯೆ 2 ಕೋಟಿ 83 ಲಕ್ಷ ದಾಟುತ್ತದೆ. ಚೆಂದದ ಉಪಾಯ. ಆದರೆ ಆ 10 ಲಕ್ಷ ಸ್ಯಾಂಪಲ್‌ನಿಂದ ಬಂದದ್ದಲ್ಲ, ಹೊರಗಿನಿಂದ ತಂದು ಹಾಕಿದ ದುಂಡು ಸಂಖ್ಯೆ. ಅದು ಶೇ 5 ತಪ್ಪಿದ್ದರೆ ಉತ್ತರವೂ ಸೀದಾ ಶೇ 5 ತಪ್ಪುತ್ತದೆ. ಸ್ಯಾಂಪಲ್ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಔಷಧವಿಲ್ಲ.

ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಖರ್ಚಿಲ್ಲ, ಗಣಿತವೂ ಜಾಸ್ತಿ ಇಲ್ಲ. ಆದರೂ ಮಾಡುವವರು ಕಡಿಮೆ.

ಅದೇ ಸ್ಯಾಂಪಲ್ ಬಳಸಿ, ಉತ್ತರ ಮೊದಲೇ ಗೊತ್ತಿರುವ ಏನನ್ನಾದರೂ ಅಂದಾಜು ಮಾಡಿ. ತೋಟದವರಿಗೆ ಕಾಳುಮೆಣಸಿನ ಬಳ್ಳಿ ಎಷ್ಟು ಮರಕ್ಕೆ ಹಬ್ಬಿಸಿದ್ದೇವೆ ಎಂದು ಸಾಮಾನ್ಯವಾಗಿ ನಿಖರವಾಗಿ ಗೊತ್ತಿರುತ್ತದೆ. ನಮ್ಮ ಉದಾಹರಣೆ ತೋಟದಲ್ಲಿ 410 ಮರಕ್ಕೆ ಬಳ್ಳಿ ಇದೆ ಎನ್ನೋಣ. 1,640ರಲ್ಲಿ 410 ಎಂದರೆ ಶೇ 25. ಹಾಗಿದ್ದರೆ 120 ಮರದ ಸ್ಯಾಂಪಲ್‌ನಲ್ಲಿ ಸುಮಾರು 30 ಬಳ್ಳಿ ಮರ ಇರಬೇಕು. ಅದೃಷ್ಟದ ಏರುಪೇರು ಸೇರಿಸಿದರೆ 20ರಿಂದ 40ರ ನಡುವೆ.

ನೋಟ್ ಪುಸ್ತಕ ತೆಗೆದು ನೋಡಿದರೆ 54 ಬಳ್ಳಿ ಮರ.

ಇದು ಅದೃಷ್ಟದ ಆಟ ಅಲ್ಲ. ಬಳ್ಳಿ ಹಾಕಿರುವುದು ಮನೆ ಹತ್ತಿರದ, ನೀರು ಗೊಬ್ಬರ ಚೆನ್ನಾಗಿ ಸಿಗುವ ಭಾಗದಲ್ಲಿ. ಮರ ನೋಡಲು ಹೋದವರು ಆ ಭಾಗದಲ್ಲೇ ಜಾಸ್ತಿ ಓಡಾಡಿದ್ದಾರೆ. ಅಲ್ಲಿ ರೋಗ ಕಡಿಮೆ ಇದ್ದರೆ ಇಡೀ ತೋಟದ ಅಂದಾಜೂ ಕಡಿಮೆಯಾಗುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ, ಈ ಪರೀಕ್ಷೆ ದೋಷ ತೋರಿಸುವುದಷ್ಟೇ ಅಲ್ಲ, ಅರ್ಧ ದುರಸ್ತಿಯನ್ನೂ ಮಾಡಿಕೊಡುತ್ತದೆ. ಸ್ಯಾಂಪಲ್ ಅನ್ನು ಎರಡು ಭಾಗ ಮಾಡಿ. ಬಳ್ಳಿ ಇರುವ 54 ಮರದಲ್ಲಿ 3ಕ್ಕೆ ರೋಗ, ಬಳ್ಳಿ ಇಲ್ಲದ 66ರಲ್ಲಿ 15ಕ್ಕೆ ರೋಗ ಎಂದಿರಲಿ. ಈಗ ಬೇರೆ ಬೇರೆಯಾಗಿ ಗುಣಿಸಿ. 410ನ್ನು 54ರಲ್ಲಿ 3ರ ಪಾಲಿನಿಂದ ಗುಣಿಸಿದರೆ ಸುಮಾರು 23. ಉಳಿದ 1,230ನ್ನು 66ರಲ್ಲಿ 15ರ ಪಾಲಿನಿಂದ ಗುಣಿಸಿದರೆ ಸುಮಾರು 280. ಕೂಡಿದರೆ 303ರ ಹತ್ತಿರ. ಹೊಸದಾಗಿ ಒಂದು ಮರವನ್ನೂ ನೋಡದೆ 246 ಎಂಬುದು 303 ಆಯಿತು.

ಈ ದುರಸ್ತಿಗೆ ಒಂದು ಮಿತಿ ಇದೆ. ಬಳ್ಳಿ ಇಲ್ಲದ ಭಾಗದ ಒಳಗೂ ಹತ್ತಿರದ ಮರಗಳನ್ನೇ ನೋಡಿದ್ದರೆ ಆ ವಾಲಿಕೆ ಹಾಗೇ ಉಳಿದಿರುತ್ತದೆ.

ಯಾವ ಮರಕ್ಕೆ ಪಾಳಿಯೇ ಬರುತ್ತಿರಲಿಲ್ಲ?

ಸ್ಯಾಂಪಲ್ ಹೇಗೆ ಆರಿಸಿದಿರಿ ಎಂದು ಕೇಳಿದರೆ "ಸುಮ್ನೆ ಅಲ್ಲಲ್ಲಿ ನೋಡಿದ್ವಿ" ಎಂಬ ಉತ್ತರ ಬರುತ್ತದೆ. ಪ್ರಶ್ನೆಯನ್ನು ತಿರುಗಿಸಿ ಕೇಳಿ. ಈ ತೋಟದಲ್ಲಿ ನಿಮ್ಮ ಸ್ಯಾಂಪಲ್‌ಗೆ ಬರಲು ಸಾಧ್ಯವೇ ಇಲ್ಲದಿದ್ದ ಮರ ಯಾವುದು? ಆಗ ನಿಜ ಹೊರಗೆ ಬರುತ್ತದೆ. ಹಳ್ಳದ ಆಚೆಯ ತುಂಡು, ಸಂಕ (ಕಾಲುಸೇತುವೆ) ಮುರಿದಿದ್ದಕ್ಕೆ ಹೋಗಲಿಲ್ಲ. ಕೆಳಗಿನ ತಗ್ಗಿನಲ್ಲಿ ಉಂಬಳ (ಜಿಗಣೆ) ಜಾಸ್ತಿ, ಅಲ್ಲಿ ನಿಲ್ಲಲಿಲ್ಲ. ಬೇಲಿ ಪಕ್ಕದ ಕೊನೆ ಸಾಲು ಪಕ್ಕದವರದ್ದೋ ನಮ್ಮದ್ದೋ ಗೊತ್ತಾಗದೆ ಬಿಟ್ಟರು. ಬಿಟ್ಟುಹೋದ ಭಾಗ ನೋಡಿದ ಭಾಗದಂತೆಯೇ ಇದ್ದರೆ ತೊಂದರೆ ಇಲ್ಲ. ಆದರೆ ಬಿಟ್ಟುಹೋಗಲು ಕಾರಣವಾದ ಸಂಗತಿಯೇ ರೋಗಕ್ಕೂ ಕಾರಣವಾಗಿರುವುದು ತುಂಬಾ ಸಾಮಾನ್ಯ. ಕಾಲಿಡಲು ಕಷ್ಟವಾದ ಜಾಗಕ್ಕೆ ಔಷಧಿ ಹೊಡೆಯುವವರೂ ಸರಿಯಾಗಿ ಹೋಗಿರುವುದಿಲ್ಲ, ಅಲ್ವಾ?

ಈ ದೋಷದ ಅತಿ ಪ್ರಸಿದ್ಧ ಉದಾಹರಣೆ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ. ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಕಾಗದ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲೆಕ್ಕ ಹಾಕಿ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆದರು. ರೂಸ್‌ವೆಲ್ಟ್ ಸುಮಾರು ಶೇ 61 ಮತ ಪಡೆದು, 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳನ್ನು ಟೆಲಿಫೋನ್ ಪಟ್ಟಿ, ಕಾರು ಮಾಲೀಕರ ಪಟ್ಟಿಗಳಿಂದ ತೆಗೆದಿದ್ದರು. ಆರ್ಥಿಕ ಕುಸಿತದ ಆ ಕಷ್ಟಕಾಲದಲ್ಲಿ ಅವೆರಡೂ ಹೆಚ್ಚಾಗಿ ಇದ್ದದ್ದು ಉಳ್ಳವರ ಮನೆಯಲ್ಲಿ. ಅದರ ಮೇಲೆ, ಉತ್ತರ ಬರೆದು ಕಳಿಸುವ ಉತ್ಸಾಹ ಇದ್ದವರು ಮಾತ್ರ ಕಳಿಸಿದರು. ಅದೇ ಚುನಾವಣೆಯಲ್ಲಿ ಜನಾಭಿಪ್ರಾಯ ಸಮೀಕ್ಷೆ ಮಾಡುತ್ತಿದ್ದ ಜಾರ್ಜ್ ಗ್ಯಾಲಪ್ ಅವರು ಸುಮಾರು 50,000 ಜನರನ್ನು ಕೇಳಿ ಗೆಲ್ಲುವವರು ಯಾರೆಂದು ಸರಿಯಾಗಿ ಹೇಳಿದರು.

ಲಾಪ್ಲಾಸ್ ಕೂಡ ಇದೇ ಕಡೆ ಸಡಿಲ ಬಿಟ್ಟಿದ್ದರು. 30 ಜಿಲ್ಲೆಗಳಲ್ಲಿ ಊರುಗಳನ್ನು ಆರಿಸುವಾಗ, ಉತ್ಸಾಹ ಮತ್ತು ಬುದ್ಧಿ ಎರಡೂ ಇರುವ ಮೇಯರ್‌ಗಳ ಊರನ್ನೇ ನೋಡಿಕೊಂಡರು. ಲೆಕ್ಕ ಅಚ್ಚುಕಟ್ಟಾಗಿ ಬರಲಿ ಎಂಬುದು ಉದ್ದೇಶ. ಅಚ್ಚುಕಟ್ಟಾದ ಊರು ದೇಶದ ಸರಾಸರಿ ಊರು ಹೌದೇ ಎಂಬುದು ಬೇರೆ ಪ್ರಶ್ನೆ.

ನಮ್ಮ ಕಡೆ ಇದರ ರೂಪ ಬೇರೆ. ಊರಿನ ಮಟ್ಟದಲ್ಲಿ ಲೆಕ್ಕ ಮಾಡುವಾಗ 40 ತೋಟಗಳನ್ನು ಚೀಟಿ ಎತ್ತಿ ಆರಿಸುತ್ತಾರೆ. ಅದರಲ್ಲಿ 8 ತೋಟದ ಗೇಟಿಗೆ ಬೀಗ. ಯಜಮಾನರು ಬೆಂಗಳೂರಿನಲ್ಲಿ. "ಪಕ್ಕದ ತೋಟ ನೋಡ್ಕೊಂಡು ಬನ್ನಿ, ಏನೂ ವ್ಯತ್ಯಾಸ ಇಲ್ಲ" ಎಂದು ಯಾರೋ ಹೇಳುತ್ತಾರೆ. ವ್ಯತ್ಯಾಸ ಇದೆ. ಬೀಗ ಹಾಕಿದ ತೋಟಕ್ಕೆ ಮಳೆಗಾಲಕ್ಕೆ ಮೊದಲು ಔಷಧಿ ಬಿದ್ದಿರುವುದೇ ಅನುಮಾನ. ಬದಲಿ ತೋಟ ಹಾಕಬೇಡಿ. 32 ಎಂದೇ ಬರೆಯಿರಿ. ಆಮೇಲೆ ಆ ಎಂಟರಲ್ಲಿ ಎರಡು ಮೂರಕ್ಕಾದರೂ ಫೋನ್ ಮಾಡಿ, ಕೀಲಿ ತರಿಸಿ, ಒಳಗೆ ಹೋಗಿ ನೋಡಿ. ತೆರೆದ ತೋಟಗಳಲ್ಲಿ ಶೇ 10, ಬೀಗದ ತೋಟಗಳಲ್ಲಿ ಶೇ 30 ರೋಗ ಕಂಡಿತು, ತೋಟಗಳು ಹೆಚ್ಚುಕಡಿಮೆ ಒಂದೇ ಗಾತ್ರದವು ಎಂದಾದರೆ, ಐದರಲ್ಲಿ ನಾಲ್ಕು ಪಾಲು ಮೊದಲನೆಯದು, ಒಂದು ಪಾಲು ಎರಡನೆಯದು. ಶೇ 14 ಬರುತ್ತದೆ. ಆ ಎರಡು ಮೂರು ತೋಟಕ್ಕೆ ಪಟ್ಟ ಕಷ್ಟ, ಇನ್ನೂ ಐವತ್ತು ತೆರೆದ ತೋಟ ನೋಡುವುದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಒಂದೇ ತೋಟದೊಳಗೆ ಆರಿಸಲು ಸುಲಭದ ದಾರಿ, ಸಾಲು ಹಿಡಿದು ಎಣಿಸುತ್ತಾ ಹೋಗುವುದು. 1,640 ಮರದಲ್ಲಿ 120ರಷ್ಟು ಬೇಕಾದರೆ ಪ್ರತಿ 13ನೇ ಮರ. ಮೊದಲ ಮರವನ್ನು 1ರಿಂದ 13ರವರೆಗಿನ ಚೀಟಿ ಎತ್ತಿ ಆರಿಸಿ. ಸಾಲು ಮುಗಿದರೆ ಎಣಿಕೆ ನಿಲ್ಲಿಸದೆ ಮುಂದಿನ ಸಾಲಿಗೆ ದಾಟಿ. ಕಣ್ಣಿಗೆ ಚೆನ್ನಾಗಿ ಕಂಡಿತೆಂದೋ ಕೆಟ್ಟದಾಗಿ ಕಂಡಿತೆಂದೋ ಪಕ್ಕದ ಮರಕ್ಕೆ ಜಾರಬೇಡಿ.

ಇದರಲ್ಲೂ ಒಂದು ಹೊಂಡ ಇದೆ. ಕೆಲವರು ಮರದ ಬದಲು ಸಾಲು ಆರಿಸುತ್ತಾರೆ. ಎರಡು ಬಸಿಗಾಲುವೆಗಳ ನಡುವೆ ನಾಲ್ಕು ಸಾಲು ಇರುವ ತೋಟದಲ್ಲಿ ಪ್ರತಿ ನಾಲ್ಕನೇ ಸಾಲು ನೋಡಿದರೆ, ನೀವು ನೋಡುವ ಸಾಲೆಲ್ಲ ಕಾಲುವೆ ಪಕ್ಕದ್ದೇ ಆಗಬಹುದು, ಇಲ್ಲವೇ ಒಂದೂ ಆಗದಿರಬಹುದು. ಹೆಜ್ಜೆಯನ್ನು ಐದಕ್ಕೋ ಏಳಕ್ಕೋ ಬದಲಿಸಿದರೆ ಈ ಕಾಟ ತಪ್ಪುತ್ತದೆ.

ರೋಗ ಎಂದು ಬರೆದದ್ದೆಲ್ಲ ರೋಗವೇ?

"ಅಣ್ಣಾ, ಇದನ್ನ ಬರ್ಕಳ್ಳದಾ, ಬಿಡದಾ?"

ಪುಸ್ತಕ ಹಿಡಿದ ಹುಡುಗ ಹೀಗೆ ಕೇಳಿದ ಕ್ಷಣ ತುಂಬಾ ಮುಖ್ಯ. ಮರ ಎತ್ತರ ಇದೆ. ಕೆಳಗೆ ನಿಂತು ಕತ್ತೆತ್ತಿ ನೋಡಬೇಕು. ಕೆಳಗಿನ ಒಂದು ಸೋಗೆಯಲ್ಲಿ ನಾಲ್ಕು ಕಂದು ಚುಕ್ಕಿ. ಸುತ್ತ ಹಳದಿ ಉಂಗುರ ಇದೆಯೋ ಇಲ್ಲವೋ ಬೆಳಕಿನಲ್ಲಿ ಸರಿಯಾಗಿ ಕಾಣುತ್ತಿಲ್ಲ. ಇನ್ನೊಂದು ಸೋಗೆಯ ತುದಿ ಸುಮ್ನೆ ಒಣಗಿದೆ. ಬುಡದಲ್ಲಿ ನೀರು ನಿಂತು ಮರ ಹಳದಿಯಾಗಿರಲೂಬಹುದು. ಅಣ್ಣ "ಬರ್ಕ, ಬರ್ಕ" ಎಂದರೆ ಲೆಕ್ಕಕ್ಕೆ ಒಂದು ಸೇರಿತು. "ಬಿಡು ಅತ್ಲಾಗೆ" ಎಂದರೆ ಒಂದು ಕಳೆಯಿತು.

ರೋಗ ಕಡಿಮೆ ಇರುವ ತೋಟದಲ್ಲಿ ಈ ಗೊಂದಲ ಎಷ್ಟು ದುಬಾರಿ ಎಂದು ನೋಡಿ. 2,000 ಮರ, ನಿಜವಾಗಿ ರೋಗ ಇರುವುದು ಶೇ 5, ಅಂದರೆ 100. ನೋಡುವವರ ಕಣ್ಣು ಚೆನ್ನಾಗಿಯೇ ಇದೆ. ರೋಗದ ಮರದಲ್ಲಿ ನೂರಕ್ಕೆ 90ನ್ನು ಹಿಡಿಯುತ್ತಾರೆ, ಆರೋಗ್ಯವಂತ ಮರದಲ್ಲಿ ನೂರಕ್ಕೆ 10ನ್ನು ಮಾತ್ರ ತಪ್ಪಾಗಿ ರೋಗ ಎನ್ನುತ್ತಾರೆ. ಸಿಗುವ ಲೆಕ್ಕ ಎಷ್ಟು? ರೋಗದ್ದು 90, ಜೊತೆಗೆ 1,900ರ ಶೇ 10 ಎಂದರೆ 190. ಒಟ್ಟು 280. ನಿಜದ ಹೆಚ್ಚುಕಡಿಮೆ ಮೂರು ಪಟ್ಟು! ಸ್ಯಾಂಪಲ್ ಬಿಟ್ಟು ಇಡೀ 2,000 ಮರ ನೋಡಿದರೂ ಇದೇ 280 ಬರುತ್ತದೆ.

ಪತ್ತೆ ಹಚ್ಚುವ ಕ್ರಮ ಸರಳ. ಇಬ್ಬರನ್ನು ಅದೇ 30 ಮರ ನೋಡಲು ಕಳಿಸಿ. ಒಬ್ಬರ ಪುಸ್ತಕ ಇನ್ನೊಬ್ಬರಿಗೆ ತೋರಿಸಬೇಡಿ. ಆಮೇಲೆ ಪಟ್ಟಿ ಹೋಲಿಸಿ. ಐದಾರು ಮರದಲ್ಲಿ ಇಬ್ಬರ ಉತ್ತರ ಬೇರೆ ಬೇರೆ ಬಂದರೆ ಕೆಲಸ ನಿಲ್ಲಿಸಿ, ಯಾವುದನ್ನು ರೋಗ ಎನ್ನಬೇಕು ಎಂದು ಬರೆದಿಟ್ಟುಕೊಳ್ಳಿ. ಹಳದಿ ಉಂಗುರ ಇರುವ ಚುಕ್ಕಿ ಎಷ್ಟು ಸೋಗೆಯಲ್ಲಿ ಕಂಡರೆ ಲೆಕ್ಕಕ್ಕೆ ಎಂದು ಒಂದು ಗೆರೆ ಹಾಕಿ. ಆ ಗೆರೆ ಎಲ್ಲಿ ಎಂಬುದಕ್ಕಿಂತ ಎಲ್ಲರಿಗೂ ಒಂದೇ ಆಗಿರುವುದು ಮುಖ್ಯ. ನಮ್ಮ ಉದಾಹರಣೆಯ ಐನೂರರ ಲೆಕ್ಕವನ್ನೂ ಇಲ್ಲೇ ಪ್ರಶ್ನಿಸಬೇಕು. ಸೋಗೆ ಕಡಿಯುವವರು ಚುಕ್ಕಿ ಕಂಡ ಮರವನ್ನೆಲ್ಲ ಸೇರಿಸಿರಬಹುದು, ನೋಡಲು ಹೋದವರು ಜೋರಾಗಿ ಹಿಡಿದ ಮರವನ್ನು ಮಾತ್ರ ಬರೆದಿರಬಹುದು. ಹಾಗಿದ್ದರೆ ಎರಡು ಸಂಖ್ಯೆಗಳು ಎರಡು ಬೇರೆ ಸಂಗತಿಗಳ ಲೆಕ್ಕ.

ಗೆರೆಯ ಮೇಲೆ ನಿಂತದ್ದನ್ನು ಒಳಗೆ ಎಳೆದುಕೊಳ್ಳುವ ಗುಣ ಮನುಷ್ಯರಿಗೆ ಇದ್ದೇ ಇದೆ. ಭಾರತದಲ್ಲಿ ಮಾದರಿ ಸಮೀಕ್ಷೆಗೆ ಬುನಾದಿ ಹಾಕಿದವರಲ್ಲಿ ಪಿ.ಸಿ. ಮಹಾಲನೋಬಿಸ್ ಮತ್ತು ಪಿ.ವಿ. ಸುಖಾತ್ಮೆ ಇಬ್ಬರೂ ದೊಡ್ಡ ಹೆಸರು. ಬೆಳೆ ಕಟಾವು ಪ್ರಯೋಗದಲ್ಲಿ, ಅಂದರೆ ಹೊಲದ ಒಂದು ತುಂಡು ಮಾತ್ರ ಕೊಯ್ದು ಇಳುವರಿ ಅಂದಾಜು ಮಾಡುವಾಗ, ಎಷ್ಟು ದೊಡ್ಡ ತುಂಡು ಕೊಯ್ಯಬೇಕು ಎಂಬ ಬಗ್ಗೆ ಇಬ್ಬರ ನಡುವೆ 1940ರ ದಶಕದಲ್ಲಿ ಗಂಭೀರ ಚರ್ಚೆಯೇ ನಡೆದಿತ್ತು. ತೀರಾ ಸಣ್ಣ ತುಂಡು ಕೊಯ್ದರೆ ಇಳುವರಿ ಜಾಸ್ತಿ ಬರುತ್ತದೆ ಎಂದು ಸುಖಾತ್ಮೆ ತೋರಿಸಿದರು. ಅಂಚಿನ ಗಿಡ ಒಳಗೋ ಹೊರಗೋ ಎಂಬ ಅನುಮಾನ ಬಂದಾಗ ಕೊಯ್ಯುವವರು ಒಳಗೆ ಸೇರಿಸಿಬಿಡುತ್ತಾರೆ. ತುಂಡು ಸಣ್ಣದಾದಷ್ಟೂ ಅಂಚಿನ ಪಾಲು ಜಾಸ್ತಿ, ತಪ್ಪೂ ಜಾಸ್ತಿ. ಇಂದು ಹಲವು ಬೆಳೆಗಳಿಗೆ 5 ಮೀಟರ್ ಉದ್ದ, 5 ಮೀಟರ್ ಅಗಲದ ತುಂಡು ಅಳೆದು, ಹಗ್ಗ ಕಟ್ಟಿ ಕೊಯ್ಯುವುದನ್ನು ನೀವೂ ನೋಡಿರಬಹುದು. ಹಗ್ಗ ಬಿಗಿಯಾಗಿ ಕಟ್ಟಿ ಎಂದು ಒತ್ತಾಯ ಮಾಡುವುದರ ಹಿಂದೆ ಈ ಅನುಭವ ಇದೆ.

ಶೇಕಡಾಗಳನ್ನು ಹಾಗೇ ಕೂಡಿಸಿ ಭಾಗಿಸಿದಿರಾ?

ಇದು ಬೇಗ ಸಿಗುವ ದೋಷ. ಮೂರು ತೋಟ. 300 ಮರದ ತೋಟದಲ್ಲಿ 40 ನೋಡಿದಾಗ 20ಕ್ಕೆ ರೋಗ. 2,000 ಮರದ ತೋಟದಲ್ಲಿ 40 ನೋಡಿದಾಗ 4ಕ್ಕೆ. 700 ಮರದ ತೋಟದಲ್ಲಿ 40 ನೋಡಿದಾಗ 8ಕ್ಕೆ. ಶೇ 50, ಶೇ 10, ಶೇ 20. ಸರಾಸರಿ ಶೇ 26.7. ಒಟ್ಟು 3,000 ಮರಕ್ಕೆ ಗುಣಿಸಿದರೆ 800.

ಒಂದೊಂದು ತೋಟಕ್ಕೂ ಅದರದ್ದೇ ಸಂಖ್ಯೆಯಿಂದ ಗುಣಿಸಿ ಕೂಡಿಸಿ: 150, 200, 140. ಒಟ್ಟು 490. ಸಣ್ಣ ತೋಟದ ಜೋರು ರೋಗಕ್ಕೆ ದೊಡ್ಡ ತೋಟದಷ್ಟೇ ತೂಕ ಕೊಟ್ಟದ್ದರಿಂದ 310 ಮರ ಸುಮ್ನೆ ಹುಟ್ಟಿಕೊಂಡಿತ್ತು. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಬಿಡಿ ದತ್ತಾಂಶ ಬಳಸುವವರೂ ಇದೇ ಕಲ್ಲಿಗೆ ಎಡವುತ್ತಾರೆ. ಅಲ್ಲಿ ಪ್ರತಿ ಮನೆಯ ದಾಖಲೆಯ ಜೊತೆ, ಈ ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂದು ಹೇಳುವ ಒಂದು ಗುಣಕ ಇರುತ್ತದೆ. ಅದನ್ನು ಬಿಟ್ಟು ಸರಾಸರಿ ತೆಗೆದರೆ ಉತ್ತರ ದೇಶದ್ದಲ್ಲ, ಸ್ಯಾಂಪಲ್‌ನದ್ದು ಮಾತ್ರ.

120 ಮರ ನಿಜಕ್ಕೂ 120 ಮರವೇ?

ನಮ್ಮ ತೋಟಕ್ಕೆ ವಾಪಸ್ ಬರೋಣ. ಪುಸ್ತಕದಲ್ಲಿ ಇನ್ನೊಂದು ಸಂಗತಿ ಇದೆ. ನೋಡಲು ಹೋದವರು ಆರು ಜಾಗದಲ್ಲಿ ನಿಂತು, ಪ್ರತಿ ಜಾಗದಲ್ಲಿ ಸುತ್ತಲಿನ 20 ಮರ ನೋಡಿದ್ದಾರೆ. ಜಾಗವಾರು ರೋಗದ ಮರಗಳು ಹೀಗಿವೆ: 0, 0, 11, 1, 0, 6. ಕೂಡಿದರೆ 18.

ಈ ಆರು ಅಂಕಿಗಳನ್ನು ಒಂದು ನಿಮಿಷ ದಿಟ್ಟಿಸಿ ನೋಡಿ. ರೋಗ ತೋಟದ ತುಂಬ ಬಿಡಿಬಿಡಿಯಾಗಿ ಹರಡಿದ್ದರೆ ಪ್ರತಿ ಜಾಗದಲ್ಲೂ ಮೂರರ ಆಸುಪಾಸು ಬರಬೇಕಿತ್ತು. ಇಲ್ಲಿ ಒಂದು ಕಡೆ 11, ಮೂರು ಕಡೆ ಸೊನ್ನೆ. ಎಲೆಚುಕ್ಕಿ ಶಿಲೀಂಧ್ರದ ರೋಗ, ಮಳೆ ಹನಿ ಮತ್ತು ಗಾಳಿಯಲ್ಲಿ ಪಕ್ಕದ ಮರಕ್ಕೆ ದಾಟುತ್ತದೆ. ಹಾಗಾಗಿ ಗುಂಪು ಗುಂಪಾಗಿಯೇ ಇರುತ್ತದೆ. ಗುಂಪಿನೊಳಗೆ ಒಂದು ಮರ ನೋಡಿದ ಮೇಲೆ ಪಕ್ಕದ ಹತ್ತು ಮರ ಹೊಸ ಸುದ್ದಿಯನ್ನೇನೂ ಹೇಳುವುದಿಲ್ಲ.

ಎಷ್ಟು ನಷ್ಟ ಎಂದು ಕೈಯಲ್ಲೇ ಲೆಕ್ಕ ಹಾಕಬಹುದು. ಆರು ಅಂಕಿಗಳ ಸರಾಸರಿ 3. ಸರಾಸರಿಯಿಂದ ಎಷ್ಟೆಷ್ಟು ದೂರ ಎಂದು ನೋಡಿ, ವರ್ಗ ಮಾಡಿ ಕೂಡಿಸಿದರೆ 104. ಅದನ್ನು 5ರಿಂದ ಭಾಗಿಸಿದರೆ 20.8, ವರ್ಗಮೂಲ ಸುಮಾರು 4.56. ಆರರ ವರ್ಗಮೂಲದಿಂದ ಭಾಗಿಸಿದರೆ 1.86. ಇದು 20 ಮರಕ್ಕೆ. ಒಂದು ಮರಕ್ಕೆ ತಂದರೆ ಶೇ 9.3. ಅದರ ಎರಡರಷ್ಟನ್ನು ತಪ್ಪಿನ ಅಂಚು (ನಿಜದ ಉತ್ತರ ಅಂದಾಜಿನಿಂದ ಇಷ್ಟು ದೂರದೊಳಗೆ ಇರಬಹುದು ಎಂಬ ಅಳತೆ) ಎಂದು ಹಿಡಿಯುವುದು ರೂಢಿ. ಅಂದರೆ ಶೇ 15ಕ್ಕೆ ಮೇಲೂ ಕೆಳಗೂ ಶೇ 18.6. ಆರೇ ಜಾಗ ಇರುವಾಗ ಎರಡರಷ್ಟು ಸಾಲದು, ಸುಮಾರು 2.6ರಷ್ಟು ಹಿಡಿಯಬೇಕು. ಆಗ ಅಂಚು ಶೇ 24ರ ಹತ್ತಿರ ಹೋಗುತ್ತದೆ.

ಔದಾರ್ಯ ತೋರಿಸಿ 18.6 ಎಂದೇ ಇಟ್ಟುಕೊಂಡರೂ, 1,640 ಮರಕ್ಕೆ ಅದು ಸುಮಾರು 305 ಮರದ ಅಂಚು. 246ಕ್ಕೆ 305 ಸೇರಿಸಿದರೆ 551. ಕೆಳಗಿನ ತುದಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. 18 ಮರವನ್ನು ಕಣ್ಣಾರೆ ನೋಡಿರುವಾಗ ಅದು ಸಾಧ್ಯವಿಲ್ಲ. ಹಾಗಾಗಿ ಈ ಸ್ಯಾಂಪಲ್ ಹೇಳುತ್ತಿರುವುದು ಇಷ್ಟೇ: ರೋಗದ ಮರ ಕೆಲವು ಡಜನ್ ಇರಬಹುದು, ಐನೂರೂ ಇರಬಹುದು. ಐನೂರು ಸಿಕ್ಕಿದ್ದರಲ್ಲಿ ಅಚ್ಚರಿ ಏನೂ ಇರಲಿಲ್ಲ. 322 ಎಂದು ಗಟ್ಟಿಯಾಗಿ ನಂಬಿದ್ದೇ ದೋಷ.

ಅದೇ 120 ಮರ ಬಿಡಿಬಿಡಿಯಾಗಿ ಆರಿಸಿದ್ದಾಗಿದ್ದರೆ ಅಂಚು ಶೇ 6.5 ಮಾತ್ರ. ಬೇರೆ ಮಾತಿನಲ್ಲಿ, ಗುಂಪಾಗಿ ನೋಡಿದ 120 ಮರ ಬಿಡಿಯಾಗಿ ನೋಡಿದ ಸುಮಾರು 15 ಮರಕ್ಕೆ ಸಮ. ಪರಿಹಾರ ಮರ ಜಾಸ್ತಿ ಮಾಡುವುದಲ್ಲ, ಜಾಗ ಜಾಸ್ತಿ ಮಾಡುವುದು. 30 ಜಾಗ, ಜಾಗಕ್ಕೆ 4 ಮರ. ಮರ ಅಷ್ಟೇ, ನಡೆಯುವುದು ಜಾಸ್ತಿ. ಒಂದು ಬೆಳಗಿನ ಕೆಲಸ ಮಧ್ಯಾಹ್ನದವರೆಗೆ ಎಳೆಯಬಹುದು. ಪರವಾಗಿಲ್ಲ.

ಯಾವುದೇ ಸಮೀಕ್ಷೆಯ ವರದಿ ನಿಮ್ಮ ಕೈಗೆ ಬಂದರೂ ಜಾಗವಾರು ಅಂಕಿ ಕೇಳಿ ಪಡೆಯಿರಿ. ಒಟ್ಟು ಮೊತ್ತದಲ್ಲಿ ಈ ದೋಷ ಕಾಣುವುದೇ ಇಲ್ಲ.

ಕೊನೆಗೆ, ಗಾತ್ರ

ಇಷ್ಟೂ ನೋಡಿ ಆದ ಮೇಲೆ ಗಾತ್ರದ ಮಾತು. ಬಿಡಿಬಿಡಿಯಾಗಿ ಆರಿಸಿದ 120 ಮರದಲ್ಲಿ ಶೇ 15 ರೋಗ ಎಂದರೆ, ಶೇ 8.5ರಿಂದ 21.5. ಮರದ ಲೆಕ್ಕದಲ್ಲಿ ಸುಮಾರು 140ರಿಂದ 350. ಈ ಅಂಚನ್ನು ಅರ್ಧಕ್ಕೆ ಇಳಿಸಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಬೇಕು, 480 ಮರ. ಅಷ್ಟು ಹೊತ್ತಿಗೆ ತೋಟದ ಕಾಲು ಭಾಗಕ್ಕಿಂತ ಜಾಸ್ತಿ ನೋಡಿರುವುದರಿಂದ ಅಂಚು ಇನ್ನೂ ಸ್ವಲ್ಪ ಕಿರಿದಾಗುತ್ತದೆ.

"ಒಟ್ಟಿನ ಶೇ 10 ನೋಡಿದರೆ ಸಾಕಾ?" ಎಂದು ಆಗಾಗ ಕೇಳುತ್ತಾರೆ. ಶೇಕಡಾ ಎಷ್ಟು ಎಂಬುದು ಮುಖ್ಯವೇ ಅಲ್ಲ. ಎಷ್ಟು ಮರ ಎಂಬುದು ಮುಖ್ಯ. 1,640 ಮರದ ತೋಟವಾಗಲಿ, 1 ಲಕ್ಷ ಮರದ ಊರಾಗಲಿ, ಬಿಡಿಯಾಗಿ ಆರಿಸಿದ 120 ಮರ ಕೊಡುವ ಶೇಕಡಾವಾರು ಅಂಚು ಹೆಚ್ಚುಕಡಿಮೆ ಒಂದೇ. ಆದರೆ ಆ ಅಂಚನ್ನು 1 ಲಕ್ಷದಿಂದ ಗುಣಿಸಿದಾಗ 6,500 ಮರ ಆಗುತ್ತದೆ ಎಂಬುದನ್ನು ಮರೆಯಬಾರದು.

ಇನ್ನೊಂದು, ಸೊನ್ನೆ ಬಂದಾಗ. 100 ಮರ ನೋಡಿ ಒಂದಕ್ಕೂ ರೋಗ ಇಲ್ಲದಿದ್ದರೆ ತೋಟವೇ ರೋಗಮುಕ್ತ ಎಂದು ಬರೆಯಬೇಡಿ. ನೋಡಿದ ಸಂಖ್ಯೆಯಿಂದ 3ನ್ನು ಭಾಗಿಸಿ. 100ಕ್ಕೆ ಶೇ 3. ಅಂದರೆ 1,640ರಲ್ಲಿ ಸುಮಾರು 49 ಮರದವರೆಗೂ ರೋಗ ಅಡಗಿರಬಹುದು. ಹೊಸದಾಗಿ ಕಾಲಿಡುತ್ತಿರುವ ರೋಗದ ವಿಷಯದಲ್ಲಿ ಆ 49 ದೊಡ್ಡ ಸಂಖ್ಯೆಯೇ.

ಮರದ ಲೆಕ್ಕವನ್ನು ಕ್ವಿಂಟಲ್ ನಷ್ಟಕ್ಕೆ ತಿರುಗಿಸುವವರಿಗೆ ಒಂದು ಮಾತು. ಶೇ 15 ಮರಕ್ಕೆ ರೋಗ ಎಂದರೆ ಶೇ 15 ಫಸಲು ಹೋಯಿತು ಎಂದಲ್ಲ. ರೋಗದ ಮರವೂ ಸ್ವಲ್ಪ ಕೊಡುತ್ತದೆ. ಎಲ್ಲ ಮರವೂ ಮೊದಲಿನಿಂದ ಒಂದೇ ಸಮ ಕೊಡುತ್ತಿರಲಿಲ್ಲ. ಅದಕ್ಕೆ ಗೊನೆಯನ್ನೇ ತೂಗಿ ನೋಡುವ ಬೇರೆ ಸ್ಯಾಂಪಲ್ ಬೇಕು.

ಮತ್ತೆ ತೋಟಕ್ಕೆ ಇಳಿಯುವಾಗ

ನಮ್ಮ ತೋಟವನ್ನು ಎರಡನೇ ಸಲ ನೋಡುವುದಾದರೆ ನಾನು ಪುಸ್ತಕದಲ್ಲಿ ಐದು ಕಾಲಂ ಗೆರೆ ಹಾಕುತ್ತೇನೆ: ಜಾಗದ ಸಂಖ್ಯೆ, ಸಾಲು ಮತ್ತು ಮರ, ಬಳ್ಳಿ ಇದೆಯೋ ಇಲ್ಲವೋ, ರೋಗ ಇದೆಯೋ ಇಲ್ಲವೋ, ಅನುಮಾನವೋ. ಅನುಮಾನದ ಕಾಲಂ ಬೇರೆಯೇ ಇರಲಿ. ಅದನ್ನು ರೋಗ ಎಂದು ಹಿಡಿದು ಒಮ್ಮೆ, ರೋಗ ಇಲ್ಲ ಎಂದು ಹಿಡಿದು ಒಮ್ಮೆ ಲೆಕ್ಕ ಮಾಡಿದರೆ, ಗುರುತಿಸುವ ತಪ್ಪು ಎಷ್ಟು ಮರದಷ್ಟು ಎಂದು ಕೂಡಲೇ ಗೊತ್ತಾಗುತ್ತದೆ. ತೋಟದ ಒಟ್ಟು ಮರವನ್ನು ಅದೇ ದಿನ ಎಣಿಸಿಬಿಡಿ. ಹೇಗೂ ಸಾಲು ಸಾಲು ನಡೆಯುತ್ತಿರುತ್ತೀರಿ.

ಉತ್ತರವನ್ನು ಒಂದೇ ಸಂಖ್ಯೆಯಾಗಿ ಯಾರಿಗೂ ಕೊಡಬೇಡಿ. ಎರಡು ತುದಿಯನ್ನೂ ಬರೆಯಿರಿ, ಎಷ್ಟು ಜಾಗದಲ್ಲಿ ನೋಡಿದ್ದು ಎಂದೂ ಬರೆಯಿರಿ. ಪರಿಹಾರದ ಅರ್ಜಿಗೆ ನಡುವಿನ ಸಂಖ್ಯೆಯೂ ಎರಡು ತುದಿಗಳೂ ಒಟ್ಟಿಗೆ ಹೋಗಲಿ. ಔಷಧಿ ತರುವಾಗ ಮಾತ್ರ ಮೇಲಿನ ತುದಿಯನ್ನೇ ಹಿಡಿಯಿರಿ. ಉಳಿದ ಪ್ಯಾಕೆಟ್ ಒಡೆಯದಿದ್ದರೆ ಅಂಗಡಿಯವರು ವಾಪಸ್ ತಗೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಮಳೆ ಬಿಡುವು ಕೊಟ್ಟ ಎರಡು ದಿನದಲ್ಲಿ ಔಷಧಿ ಸಾಲದೆ ಬಂದರೆ, ಮುಂದಿನ ಬಿಡುವಿಗೆ ಕಾಯುವಷ್ಟರಲ್ಲಿ ಪಕ್ಕದ ಸಾಲಿಗೂ ಚುಕ್ಕಿ ಬಂದಿರುತ್ತದೆ.